ಮಬ್ಬು ಬೆಳಕಿನಲ್ಲಿ ಗೂಬೆ, ಗಿಡುಗ, ಡೇಗೆ: ಹತ್ತಿರದಿಂದ ಫೋಟೊ ತೆಗೆಯುವ ಬಗೆ

ಇಂಗ್ಲೆಂಡಿನಲ್ಲಿ ನವೆಂಬರ್ ಮಧ್ಯದ ಹೊತ್ತಿಗೆ ಸಂಜೆ ನಾಲ್ಕೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಮೋಡ ಮುಚ್ಚಿದ್ದರಂತೂ ಮಧ್ಯಾಹ್ನ ಎರಡಕ್ಕೇ ದೀಪ ಹಚ್ಚೋಣ ಅನ್ನಿಸುತ್ತದೆ. ಅಂಥದ್ದೇ ಒಂದು ಮಧ್ಯಾಹ್ನ, ಹಕ್ಕಿ ಕೇಂದ್ರವೊಂದರ ಮರಗಳ ಕೆಳಗೆ, ನನ್ನಿಂದ ಮೂರೇ ಮೀಟರ್ ದೂರದಲ್ಲಿ ಕೊಂಬಿನ ಗೂಬೆಯೊಂದು ಕೂತಿತ್ತು. ಯುರೋಪಿನ ಜಾತಿ. ಮೈಸೂರು ಕಡೆಯ ಬಂಡೆಗಳ ಮೇಲೆ ನಾನು ದುರ್ಬೀನು ಹಿಡಿದು ದೂರದಿಂದ ನೋಡಿದ್ದ ನಮ್ಮ ಕೊಂಬಿನ ಗೂಬೆಗೆ ಅಣ್ಣನ ಹಾಗೆ. ಅದೇ ಕಿತ್ತಳೆ ಕಣ್ಣು, ಅದೇ ಗಂಭೀರ ಮುಖ, ಮೈ ಮಾತ್ರ ಇನ್ನೂ ದೊಡ್ಡದು.

ಹಕ್ಕಿ ಅಂದರೆ ವೇಗದ ಶಟರ್ ಬೇಕು ಅಂತ ಕಲಿತಿದ್ದೆ. ಹಾಗಾಗಿ 1/1000 ಸೆಕೆಂಡಿಗೆ ಇಟ್ಟೆ. ಲೆನ್ಸಿನ ತೆರಪು, ಅಂದರೆ ಅಪರ್ಚರ್, ಎಫ್/5.6 (ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಕ್ಯಾಮೆರಾ ತಾನಾಗಿಯೇ ಐಎಸ್‌ಒ 12800ಕ್ಕೆ ಏರಿತು. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ, ಅದು ಏರಿದಷ್ಟೂ ಚಿತ್ರದಲ್ಲಿ ರವೆಯಂಥ ಚುಕ್ಕೆ ಜಾಸ್ತಿ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ಎದೆಯ ಮೇಲಿನ ಆ ನವಿರಾದ ಅಡ್ಡಗೆರೆಗಳ ಮೇಲೆಲ್ಲ ರವೆ ಚೆಲ್ಲಿದ ಹಾಗಿತ್ತು. ತುಂಬ ಬೇಜಾರಾಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಗೂಬೆ ಒಂದೊಂದು ಸಲ ಅರ್ಧ ನಿಮಿಷ ಕದಲದೆ ಕೂತಿತ್ತು. ಅದಕ್ಕೆ 1/1000 ಯಾಕೆ ಬೇಕಿತ್ತು? 1/125 ಇಟ್ಟಿದ್ದರೆ ಎಂಟು ಪಟ್ಟು ಬೆಳಕು ಒಳಗೆ ಬರುತ್ತಿತ್ತು, ಐಎಸ್‌ಒ 1600ಕ್ಕೆ ಇಳಿಯುತ್ತಿತ್ತು. ಅದೇ ಲೆನ್ಸು, ಅದೇ ಬೆಳಕು. ಸಾಕಿದ ಬೇಟೆ ಹಕ್ಕಿ ಯಾವಾಗ ಅಲುಗದೆ ಕೂರುತ್ತದೆ ಅನ್ನೋದು ತಿಳಿದರೆ ಮಬ್ಬು ಬೆಳಕಿನ ಅರ್ಧ ಕಷ್ಟ ಅಲ್ಲೇ ತೀರುತ್ತದೆ. ಆ ದಿನದಿಂದ ಈಚೆಗೆ ನಾನು ಕಲಿತದ್ದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಎಲ್ಲಿಗೆ ಹೋಗಬೇಕು

ಬ್ರಿಟನ್ನಿನಲ್ಲಿ ಗಿಡುಗ, ಡೇಗೆಗಳನ್ನು ಸಾಕಿ ಹಾರಿಸುವುದು ಕಾನೂನಿಗೆ ಒಪ್ಪಿಗೆಯಾದ ಹಳೆಯ ಕಲೆ. ಗ್ಲಾಸ್ಟರ್‌ಶೈರಿನ ನ್ಯೂಯೆಂಟ್ ಹತ್ತಿರ ಬೇಟೆ ಹಕ್ಕಿಗಳ ಕೇಂದ್ರವೊಂದು 1967ರಿಂದ ಇದೆ. ಹ್ಯಾಂಪ್‌ಶೈರಿನ ಆಂಡೋವರ್ ಬಳಿ ಹಾಕ್ ಕನ್ಸರ್ವೆನ್ಸಿ ಟ್ರಸ್ಟ್ ಇದೆ. ಚಿಕ್ಕ ಚಿಕ್ಕ ಕೇಂದ್ರಗಳಂತೂ ಜಿಲ್ಲೆಗೊಂದರಂತೆ ಸಿಗುತ್ತವೆ. ಅಲ್ಲಿರುವ ಹಕ್ಕಿಗಳಲ್ಲಿ ಹೆಚ್ಚಿನವು ಸಾಕಿದ ಜೋಡಿಗಳಿಗೇ ಹುಟ್ಟಿದವು. ಎಷ್ಟೋ ಕಡೆ ಫೋಟೊ ತೆಗೆಯುವವರಿಗೆಂದೇ ಒಂದು ದಿನ ಇಡುತ್ತಾರೆ. ಏಳೆಂಟು ಜನರ ಗುಂಪು, ಜೊತೆಗೆ ಹಕ್ಕಿಗಳನ್ನು ನೋಡಿಕೊಳ್ಳುವ ಒಬ್ಬ ಹ್ಯಾಂಡ್ಲರ್, ಒಂದಾದ ಮೇಲೊಂದು ಹಕ್ಕಿ. ಚಳಿಗಾಲದಲ್ಲಿ ಕೆಲವು ಕೇಂದ್ರಗಳು ಬಾಗಿಲು ಹಾಕಿರುತ್ತವೆ. ಹೊರಡುವ ಮೊದಲು ಕೇಳಿಕೊಳ್ಳಿ.

ಭಾರತದಲ್ಲಿ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗೂಬೆ, ಹದ್ದು, ಡೇಗೆಗಳನ್ನು ಹಿಡಿದು ಸಾಕುವುದು ಅಪರಾಧ. ಯಾರಾದರೂ ಗೂಬೆ ತಂದು "ಬನ್ನಿ ಸಾರ್, ಫೋಟೊ ತೆಗೀರಿ" ಅಂದರೆ ಅಲ್ಲಿಂದ ಎದ್ದು ಬನ್ನಿ, ಅರಣ್ಯ ಇಲಾಖೆಗೆ ತಿಳಿಸಿ. ದೀಪಾವಳಿಯ ಹೊತ್ತಿಗೆ ಮಾಟ ಮಂತ್ರಕ್ಕೆಂದು ಗೂಬೆಗಳನ್ನು ಹಿಡಿದು ಮಾರುವ ಜಾಲ ನಮ್ಮ ದೇಶದಲ್ಲಿ ಇನ್ನೂ ಇದೆ. ನಮ್ಮ ಕ್ಯಾಮೆರಾ ಅದಕ್ಕೆ ಇನ್ನೊಂದು ಗಿರಾಕಿ ಆಗಬಾರದು. ಕರ್ನಾಟಕದಲ್ಲಿ ಇರುವವರಿಗೆ ದಾರಿ ಅಂದರೆ ಮೃಗಾಲಯ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಜಾಲರಿಯದ್ದೇ ಒಂದು ಪಾಠ.

ಡೇಗೆ ಹಾರಿಸುವುದು ನಮಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಈ ವಿನೋದದ ಬಗ್ಗೆ ಬರೆದಿಟ್ಟಿದ್ದಾನೆ. ಇಂಗ್ಲೆಂಡಿನ ಚಳಿಯಲ್ಲಿ ಹ್ಯಾಂಡ್ಲರ್ ಕೈಗವಸಿನ ಮೇಲೆ ಡೇಗೆ ಬಂದು ಕೂತಾಗಲೆಲ್ಲ ನನಗೆ ಬಸವಕಲ್ಯಾಣ ನೆನಪಾಗುತ್ತದೆ.

ಚೀಲದಲ್ಲಿ ಏನಿರಲಿ

ಹಕ್ಕಿ ಹತ್ತಿರವೇ ಇರುತ್ತದೆ, ಹಾಗಾಗಿ 600 ಎಂಎಂ ದೊಡ್ಡ ಲೆನ್ಸು ಬೇಡ. 70-200 ಎಫ್/2.8 ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಬೆಲೆ ಜಾಸ್ತಿ ಅನ್ನಿಸಿದರೆ 85 ಎಂಎಂ ಎಫ್/1.8 ಲೆನ್ಸು ನೋಡಿ. ಅದು ಅಗ್ಗ, ಹಗುರ, ಗೂಬೆಯ ಮುಖ ಮತ್ತು ಎದೆಗೆ ಚೆನ್ನಾಗಿ ಒಗ್ಗುತ್ತದೆ. ಇರುವುದು 70-300 ಎಫ್/4-5.6 ಮಾತ್ರವೇ? ಅದರಲ್ಲೂ ಆಗುತ್ತದೆ, ತಾಳ್ಮೆ ಸ್ವಲ್ಪ ಹೆಚ್ಚು ಬೇಕು ಅಷ್ಟೆ. ಎಫ್/5.6ರಿಂದ ಎಫ್/2.8ಕ್ಕೆ ಬಂದರೆ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ಅಂದರೆ ಐಎಸ್‌ಒ 6400ರ ಜಾಗದಲ್ಲಿ 1600.

ನಿಮ್ಮ ಲೆನ್ಸು ಎಷ್ಟು ಹತ್ತಿರದವರೆಗೆ ಫೋಕಸ್ ಆಗುತ್ತದೆ ಅಂತ ಮನೆಯಲ್ಲೇ ನೋಡಿಕೊಳ್ಳಿ. ಕೆಲವು ದೊಡ್ಡ ಜೂಮ್‌ಗಳು ಎರಡು ಮೀಟರಿಗಿಂತ ಹತ್ತಿರ ಬಂದರೆ ಕೈಕೊಡುತ್ತವೆ. ಹಕ್ಕಿಯ ಮುಂದೆ ನಿಂತಾಗ ಇದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ.

ಟ್ರೈಪಾಡ್ ಬದಲು ಒಂಟಿ ಕಾಲಿನ ಮಾನೋಪಾಡ್ ತನ್ನಿ. ಗುಂಪಿನಲ್ಲಿ ಮೂರು ಕಾಲು ಚಾಚಿದರೆ ಪಕ್ಕದವರಿಗೆ ತೊಂದರೆ, ಹಕ್ಕಿ ತಿರುಗಿದಾಗ ಜಾಗ ಬದಲಿಸುವುದೂ ನಿಧಾನ. ಬೆರಳಿನ ತುದಿ ತೆರೆದಿರುವ ಉಣ್ಣೆ ಕೈಗವಸು, ಇನ್ನೊಂದು ಬ್ಯಾಟರಿ, ಮೊಣಕಾಲಿನ ಕೆಳಗೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಫ್ಲ್ಯಾಶ್ ಮನೆಯಲ್ಲೇ ಇರಲಿ. ಕತ್ತಲಿಗೆ ಅಗಲವಾಗಿ ತೆರೆದ ಗೂಬೆಯ ಕಣ್ಣಿಗೆ ಅದನ್ನು ಹೊಡೆಯಲು ನನಗೆ ಮನಸ್ಸು ಬರುವುದಿಲ್ಲ. ಅದಲ್ಲದೆ ಎದುರಿನಿಂದ ಬಿದ್ದ ಫ್ಲ್ಯಾಶ್ ಬೆಳಕು ಕಣ್ಣೊಳಗಿಂದ ವಾಪಸು ಹೊಳೆದು ಚಿತ್ರವನ್ನೂ ಕೆಡಿಸುತ್ತದೆ.

ಕ್ಯಾಮೆರಾ ತೆಗೆಯುವ ಮೊದಲು ಜಾಗ ನೋಡಿ

ಹೋದ ತಕ್ಷಣ ಐದು ನಿಮಿಷ ಸುಮ್ನೆ ಓಡಾಡಿ. ಎರಡು ವಿಷಯ ನೋಡಿ: ಆಕಾಶ ಯಾವ ಕಡೆ ತೆರೆದಿದೆ, ಹಕ್ಕಿಯ ಹಿಂದೆ ಏನು ಬರುತ್ತದೆ.

ಮೋಡದ ದಿನ ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬರುತ್ತದೆ ಅಂತ ಅನ್ನಿಸುತ್ತದೆ. ಆದರೆ ಮರಗಳ ಕೆಳಗೆ ಹಾಗಿಲ್ಲ. ಒಂದು ಕಡೆ ಬಯಲಿದ್ದರೆ ಬೆಳಕೆಲ್ಲ ಆ ಕಡೆಯಿಂದ. ಹಕ್ಕಿಯ ಮುಖ ಬಯಲಿಗೆ ತಿರುಗಿದರೆ ಕಣ್ಣಿನಲ್ಲಿ ಬಿಳಿ ಹೊಳಪು ಬೀಳುತ್ತದೆ. ಕಾಡಿನ ಕಡೆ ತಿರುಗಿದರೆ ಆ ಕಣ್ಣು ಬರೀ ಒಂದು ತೂತು. ಕಪ್ಪು ಕಣ್ಣಿನ ಹಕ್ಕಿಗಳಿಗಂತೂ ಇದು ಬಹಳ ಮುಖ್ಯ. ಕಣಜ ಗೂಬೆ, ಪೆರೆಗ್ರಿನ್ ಡೇಗೆ, ಹ್ಯಾರಿಸ್ ಗಿಡುಗ, ಇವುಗಳ ಕಣ್ಣೆಲ್ಲ ಕಡುಗಂದು ಇಲ್ಲವೇ ಕಪ್ಪು. ಹೊಳಪು ಇಲ್ಲದಿದ್ದರೆ ಗೊಂಬೆಯ ಫೋಟೊ ತೆಗೆದ ಹಾಗೆ ಕಾಣುತ್ತದೆ. ಕೊಂಬಿನ ಗೂಬೆಯ ಕಿತ್ತಳೆ ಕಣ್ಣು ಮಾತ್ರ ಹೊಳಪಿಲ್ಲದೆಯೂ ಉಳಿದುಕೊಳ್ಳುತ್ತದೆ.

ಹಕ್ಕಿ ಕೂತ ಕಟ್ಟೆಯನ್ನು ನೀವು ಮುಟ್ಟಬೇಡಿ. "ಸ್ವಲ್ಪ ಈ ಕಡೆ ಮುಖ ಮಾಡಿಸಬಹುದಾ?" ಅಂತ ಹ್ಯಾಂಡ್ಲರನ್ನು ಕೇಳಿ. ನಾನು ಕೇಳಿದವರು ಯಾರೂ ಇಲ್ಲ ಅಂದದ್ದಿಲ್ಲ. ಅವರಿಗೂ ತಮ್ಮ ಹಕ್ಕಿ ಚೆನ್ನಾಗಿ ಕಾಣಬೇಕು ಅನ್ನೋ ಆಸೆ ಇರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟದ ಜಾಗ ಹಳೆಯ ಕೊಟ್ಟಿಗೆಯ ಬಾಗಿಲು. ಹಕ್ಕಿಯನ್ನು ಬಾಗಿಲಿನಿಂದ ಒಂದೆರಡು ಅಡಿ ಒಳಗೆ ಕೂರಿಸಬೇಕು. ನೀವು ಹೊರಗೆ, ಬಾಗಿಲ ಒಂದು ಪಕ್ಕಕ್ಕೆ ನಿಲ್ಲಬೇಕು, ಎದುರಿಗೆ ನಿಂತರೆ ನೀವೇ ಬೆಳಕಿಗೆ ಅಡ್ಡ. ಹಿಂದೆ ಪೂರ್ತಿ ಕತ್ತಲು, ಮುಂದಿನಿಂದ ಮೃದುವಾದ ಬೆಳಕು. ಬೆಳಕು ಬರೀ ಮುಖದ ಮೇಲೆ ಬಿದ್ದು ಬೆನ್ನಿನ ಕಡೆ ಮೆಲ್ಲಗೆ ಕರಗಿಹೋಗುತ್ತದೆ. ನಮ್ಮ ಮಲೆನಾಡಿನ ಮನೆಗಳ ಜಗಲಿಯಲ್ಲಿ ಮಳೆಗಾಲದ ಮಧ್ಯಾಹ್ನ ಕೂತ ಅಜ್ಜಿಯ ಮುಖ ನೋಡಿದ್ದೀರಲ್ವಾ, ಅದೇ ಬೆಳಕು. ಕಣಜ ಗೂಬೆಗೆ ಕೊಟ್ಟಿಗೆ ಸಹಜವಾದ ಜಾಗವೂ ಹೌದು. ಹಾಗಾಗಿ ಚಿತ್ರ ಕೃತಕ ಅನ್ನಿಸುವುದಿಲ್ಲ.

ಹಿನ್ನೆಲೆಯ ವಿಷಯದಲ್ಲಿ ಒಂದೇ ಮಾತು. ಹಕ್ಕಿಗೂ ಹಿಂದಿನ ಪೊದೆಗೂ ನಡುವೆ ದೂರ ಜಾಸ್ತಿ ಇರಲಿ. ಹಿಂದೆ ಬಿಳಿ ಆಕಾಶದ ತುಂಡು ಬಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಮೊಣಕಾಲೂರಿ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ, ಬೇಕಾದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಹೊಂದಿಸುವುದು ಹೇಗೆ

ಮ್ಯಾನ್ಯುವಲ್ ಮೋಡಿನಲ್ಲಿ ಶಟರ್ ಮತ್ತು ಅಪರ್ಚರ್ ನೀವೇ ಇಡಿ, ಐಎಸ್‌ಒ ಮಾತ್ರ ಆಟೋಗೆ ಬಿಡಿ. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ.

ಮೊದಲು 1/500ರಲ್ಲಿ ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳಿ. ಇದು ಬರೀ ಧೈರ್ಯಕ್ಕೆ, ಏನೂ ಸಿಗದಿದ್ದರೂ ಇಷ್ಟಾದರೂ ಇದೆ ಅಂತ. ಆಮೇಲೆ ಹಕ್ಕಿ ನೆಲೆಯಾಗಿ ಕೂತ ಮೇಲೆ 1/250ಕ್ಕೆ ಬನ್ನಿ. ಆಮೇಲೆ 1/125. ಮಾನೋಪಾಡ್ ಇದ್ದು, ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆಯೂ ಇದ್ದರೆ 1/60ರಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಒಂದು ಮಾತು ಮರೆಯಬೇಡಿ: ಆ ವ್ಯವಸ್ಥೆ ನಿಮ್ಮ ಕೈ ನಡುಕವನ್ನಷ್ಟೇ ತಡೆಯುತ್ತದೆ. ಹಕ್ಕಿ ತಲೆ ತಿರುಗಿಸಿದರೆ ಅದು ಏನೂ ಮಾಡಲಾಗದು.

ಶಟರ್ ನಿಧಾನ ಮಾಡಿದಾಗ ಒಂದೊಂದೇ ಕ್ಲಿಕ್ ಮಾಡಬೇಡಿ. ಮೂರು ನಾಲ್ಕರ ಚಿಕ್ಕ ಗೊಂಚಲು ತೆಗೆಯಿರಿ. ಬೆರಳು ಒತ್ತುವಾಗ ಕ್ಯಾಮೆರಾ ಸ್ವಲ್ಪ ಅಲ್ಲಾಡುತ್ತದೆ. ಗೊಂಚಲಿನ ಎರಡನೆಯದೋ ಮೂರನೆಯದೋ ಹೆಚ್ಚು ಚೂಪಾಗಿರುತ್ತದೆ.

ಐಎಸ್‌ಒಗೆ ಹೆದರಿ ಕತ್ತಲಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಎತ್ತುವುದು ಬೇಡ. ನೆರಳಿನ ಭಾಗವನ್ನು ಎತ್ತಿದಾಗಲೇ ರವೆ ಜಾಸ್ತಿ ಕಾಣುವುದು. ಐಎಸ್‌ಒ 3200ರಲ್ಲಿ ಸರಿಯಾಗಿ ಬೆಳಕು ತುಂಬಿದ ಚಿತ್ರ, ಐಎಸ್‌ಒ 800ರಲ್ಲಿ ಕತ್ತಲಾಗಿ ತೆಗೆದು ಎತ್ತಿದ ಚಿತ್ರಕ್ಕಿಂತ ಎಷ್ಟೋ ಮೇಲು.

ಕಣ್ಣಿಗೆ ಫೋಕಸ್, ಕೊಕ್ಕಿಗೆ ಅಪರ್ಚರ್

ಹತ್ತಿರದ ಹಕ್ಕಿಯಲ್ಲಿ ಚೂಪಾಗಿ ಬರುವ ಜಾಗ ಎಷ್ಟು ಚಿಕ್ಕದು ಅಂತ ಲೆಕ್ಕ ನೋಡಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, 300 ಎಂಎಂ ಲೆನ್ಸು, ಹಕ್ಕಿ ಮೂರು ಮೀಟರ್ ದೂರ, ಎಫ್/4. ಆಗ ಚೂಪಾಗಿರುವ ಪದರ ಸುಮಾರು 2 ಸೆಂಟಿಮೀಟರ್ ಮಾತ್ರ. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರಿನಲ್ಲಿ ಇನ್ನೂ ಕಡಿಮೆ. ಎಫ್/8ಕ್ಕೆ ಹೋದರೆ 4 ಸೆಂಟಿಮೀಟರ್ ಚಿಲ್ಲರೆ ಸಿಗುತ್ತದೆ, ಆದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ಆದ್ದರಿಂದ ಹಕ್ಕಿಯ ಮುಖ ಯಾವ ಕಡೆ ಇದೆ ಅನ್ನೋದರ ಮೇಲೆ ಅಪರ್ಚರ್ ಇಡಿ. ಗೂಬೆಯ ಎರಡೂ ಕಣ್ಣು ಚಪ್ಪಟೆ ಮುಖದ ಮೇಲೆ ಒಂದೇ ಮಟ್ಟದಲ್ಲಿ ಇರುತ್ತವೆ. ಅದು ನೇರ ನಿಮ್ಮನ್ನೇ ನೋಡುವಾಗ ಎಫ್/4 ಸಾಕು, ಎರಡು ಕಣ್ಣೂ ಚೂಪಾಗಿ ಬರುತ್ತವೆ. ತಲೆ ಸ್ವಲ್ಪ ಓರೆಯಾದರೂ ಒಂದು ಕಣ್ಣು ಮಸುಕು. ಆಗ ಹತ್ತಿರದ ಕಣ್ಣನ್ನೇ ಹಿಡಿಯಿರಿ. ಗಿಡುಗ, ಡೇಗೆಗಳ ಲೆಕ್ಕ ಇದರ ಉಲ್ಟಾ. ಅವು ಎದುರು ನೋಡುವಾಗ ಕೊಕ್ಕು ಮುಂದಕ್ಕೆ ಚಾಚಿ ಕಣ್ಣು ಹಿಂದೆ ಉಳಿಯುತ್ತದೆ. ಕಣ್ಣಿಗೆ ಫೋಕಸ್ ಮಾಡಿದರೆ ಕೊಕ್ಕು ಮಸುಕು. ಪಕ್ಕದ ನೋಟದಲ್ಲಿ ತೆಗೆದರೆ ಕಣ್ಣೂ ಕೊಕ್ಕೂ ಹೆಚ್ಚು ಕಡಿಮೆ ಒಂದೇ ದೂರದಲ್ಲಿ ಬರುತ್ತವೆ, ಅಪರ್ಚರ್ ತೆರೆದೇ ಇಡಬಹುದು. ಬೆಳಕು ತೀರಾ ಕಡಿಮೆ ಇದ್ದಾಗ ನಾನು ಗೂಬೆಯನ್ನು ಎದುರಿನಿಂದ, ಗಿಡುಗವನ್ನು ಪಕ್ಕದಿಂದ ತೆಗೆಯುತ್ತೇನೆ. ಈ ಒಂದು ರೂಢಿಯಿಂದಲೇ ನನ್ನ ಅರ್ಧದಷ್ಟು ಹಾಳು ಫೋಟೊಗಳು ತಪ್ಪಿವೆ.

ಹೊಸ ಕ್ಯಾಮೆರಾಗಳಲ್ಲಿ ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಆಟೋಫೋಕಸ್ ಇದೆ. ಅದನ್ನು ನಂಬಿ, ಆದರೆ ಕಣಜ ಗೂಬೆ ಕಣ್ಣು ಅರ್ಧ ಮುಚ್ಚಿದಾಗ ಅದು ತಡವರಿಸುತ್ತದೆ. ಹಳೆಯ ಕ್ಯಾಮೆರಾ ಆದರೆ ನಡುವಿನ ಒಂದೇ ಬಿಂದು ಆರಿಸಿಕೊಳ್ಳಿ. ಮಬ್ಬಿನಲ್ಲಿ ಅಂಚಿನ ಬಿಂದುಗಳಿಗಿಂತ ಅದೇ ಗಟ್ಟಿ. ಕಣ್ಣಿನ ಕಪ್ಪಿಗೆ ಗುರಿ ಇಟ್ಟರೆ ಹಿಡಿಯಲು ಏನೂ ಸಿಗದೆ ಲೆನ್ಸು ಹಿಂದೆ ಮುಂದೆ ಓಡುತ್ತದೆ. ಕಣ್ಣೂ ರೆಪ್ಪೆಯೂ ಸೇರುವ ಅಂಚಿಗೆ ಗುರಿ ಇಡಿ. ಪೆರೆಗ್ರಿನ್ ಡೇಗೆಯ ಕಣ್ಣಿನ ಸುತ್ತ ಹಳದಿ ಬಳೆಯಂಥ ಚರ್ಮ ಇದೆ, ಅದು ಫೋಕಸಿಗೆ ಹೇಳಿ ಮಾಡಿಸಿದ ಹಾಗಿದೆ.

ಹಕ್ಕಿಯನ್ನು ಓದುವುದು

ಇಲ್ಲಿಯವರೆಗಿನದು ಕ್ಯಾಮೆರಾದ ಮಾತು. ನನ್ನ ಮಟ್ಟಿಗೆ ಇದರ ಜೀವ ಇರುವುದು ಈ ಭಾಗದಲ್ಲಿ.

ಹಾರಿಸುವ ಹಕ್ಕಿಗಳನ್ನು ದಿನವೂ ತಕ್ಕಡಿಯಲ್ಲಿ ತೂಗುತ್ತಾರೆ. ಹೊಟ್ಟೆ ತುಂಬಿದ ಹಕ್ಕಿ ಕರೆದರೆ ಬರುವುದಿಲ್ಲ, ಅದಕ್ಕೆ ಹಸಿವಿನ ಲೆಕ್ಕ ಇಟ್ಟುಕೊಂಡೇ ಹಾರಿಸುತ್ತಾರೆ. ಹಾರುವ ಮುಂಚೆ ಅದರ ಗಮನವೆಲ್ಲ ಹ್ಯಾಂಡ್ಲರ್ ಸೊಂಟದ ಚೀಲದ ಮೇಲೆ. ತಲೆ ಒಂದು ಕಡೆ ನಿಲ್ಲದು. ಹಾರಾಟ ಮುಗಿದು, ಆಹಾರ ಸಿಕ್ಕ ಮೇಲೆ ಬನ್ನಿ. ಕೊಡುವುದು ಸಾಮಾನ್ಯವಾಗಿ ಒಂದು ದಿನದ ಕೋಳಿ ಮರಿ. ತಿಂದಾದ ಮೇಲೆ ನಡೆಯುವುದನ್ನು ಗಮನಿಸಿ. ಮೊದಲು ಕೊಕ್ಕನ್ನು ಕಟ್ಟೆಗೆ ಈ ಕಡೆ ಆ ಕಡೆ ಉಜ್ಜಿ ಒರೆಸಿಕೊಳ್ಳುತ್ತದೆ. ನಾವು ಊಟ ಮಾಡಿ ಕೈ ತೊಳೆದ ಹಾಗೆ. ಆಮೇಲೆ ಮೈ ಗರಿಯೆಲ್ಲ ನಿಧಾನ ಉಬ್ಬಿಸುತ್ತದೆ. ನೋಡನೋಡುತ್ತ ಹಕ್ಕಿ ಒಂದೂವರೆ ಪಟ್ಟು ಆಗುತ್ತದೆ. ಆಮೇಲೆ ಒಮ್ಮೆಲೇ ಮೈ ಕೊಡವುತ್ತದೆ. ಗರಿ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಕೊನೆಗೆ ಒಂದು ಕಾಲನ್ನು ಮಡಿಸಿ ಹೊಟ್ಟೆಯ ಗರಿಯೊಳಗೆ ಎಳೆದುಕೊಳ್ಳುತ್ತದೆ.

ಕಾಲು ಒಳಗೆ ಹೋಯಿತೋ, ನಿಮ್ಮ ಶಟರ್ 1/125ಕ್ಕೆ ಇಳಿಯಲಿ. ಆಗಿನ ಹತ್ತು ನಿಮಿಷ ಇಡೀ ದಿನಕ್ಕೆ ಸಮ.

ಆ ಶಾಂತ ಹೊತ್ತಿನಲ್ಲೂ ತಲೆ ಪೂರ್ತಿ ಸ್ತಬ್ಧ ಇರುವುದಿಲ್ಲ. ದೂರದಲ್ಲಿ ಏನಾದರೂ ಕಂಡರೆ ಗೂಬೆ, ಡೇಗೆಗಳು ತಲೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸುತ್ತವೆ. ಎಷ್ಟು ದೂರ ಇದೆ ಅಂತ ಅಳೆಯುವುದು ಹಾಗೆ. ಗೂಬೆಯ ಕಣ್ಣು ಗೂಡಿನೊಳಗೆ ತಿರುಗುವುದೇ ಇಲ್ಲ, ಅದಕ್ಕೇ ಕತ್ತನ್ನು 270 ಡಿಗ್ರಿಯವರೆಗೂ ತಿರುಗಿಸಬಲ್ಲದು. ಆದರೆ ಈ ಆಟಕ್ಕೆ ಒಂದು ತಾಳ ಇದೆ. ತಿರುಗು, ನಿಲ್ಲು. ತಿರುಗು, ನಿಲ್ಲು. ನಿಲ್ಲುವ ಹೊತ್ತು ತಿರುಗುವ ಹೊತ್ತಿಗಿಂತ ಉದ್ದ. ವ್ಯೂಫೈಂಡರಿನಲ್ಲಿ ಎರಡು ನಿಮಿಷ ಬರೀ ನೋಡಿ, ಕ್ಲಿಕ್ ಮಾಡಬೇಡಿ. ತಾಳ ಕೈಗೆ ಹತ್ತುತ್ತದೆ.

ಇನ್ನೊಂದು ವಿಷಯ ಮೂರನೆಯ ರೆಪ್ಪೆ. ಹಕ್ಕಿಗಳ ಕಣ್ಣಿನಲ್ಲಿ ಮೂಲೆಯಿಂದ ಅಡ್ಡಲಾಗಿ ಸರಿಯುವ ತೆಳು ಪೊರೆಯೊಂದಿದೆ. ನಮ್ಮ ಕಣ್ಣಿಗೆ ಅದು ಕಾಣುವುದೇ ಇಲ್ಲ, ಅಷ್ಟು ಬೇಗ. ಕ್ಯಾಮೆರಾಗೆ ಕಾಣುತ್ತದೆ. ಕಣ್ಣಿಗೆ ನೀರು ಬೆರೆಸಿದ ಹಾಲು ಹಾಕಿದ ಹಾಗೆ ಮಸುಕಾದ ಚಿತ್ರ ಬಂದರೆ ಹಕ್ಕಿಗೆ ಕಾಯಿಲೆ ಅಂದುಕೊಳ್ಳಬೇಡಿ, ಲೆನ್ಸಿನ ತಪ್ಪೂ ಅಲ್ಲ. ಆ ಪೊರೆ ಸರಿದ ಗಳಿಗೆ ಅದು. ಗೊಂಚಲಾಗಿ ತೆಗೆಯಲು ಇದೂ ಒಂದು ಕಾರಣ.

ಮುಂದಿನ ನವೆಂಬರಿನಲ್ಲಿ ಅದೇ ಗೂಬೆಯ ಮುಂದೆ ಮತ್ತೆ ಮೊಣಕಾಲೂರಿದೆ. ಕಾಲು ಒಳಗೆ ಎಳೆದುಕೊಳ್ಳುವವರೆಗೆ ಇಪ್ಪತ್ತು ನಿಮಿಷ ಕಾದೆ. 1/125, ಎಫ್/5.6, ಐಎಸ್‌ಒ 1600. ಮನೆಯಲ್ಲಿ ಕಣ್ಣನ್ನಷ್ಟೇ ಪರದೆ ತುಂಬ ಹಿಗ್ಗಿಸಿದೆ. ಕಿತ್ತಳೆಯ ಮೇಲೆ ಬಿಳಿ ಆಕಾಶದ ಒಂದು ಕಮಾನು, ಅದರೊಳಗೆ ಎಲೆ ಉದುರಿದ ಓಕ್ ಮರದ ಕೊಂಬೆಗಳು ಕೂದಲೆಳೆಯ ಹಾಗೆ, ಕೆಳಗೆ ಒಂದು ಪಕ್ಕದಲ್ಲಿ ಹ್ಯಾಂಡ್ಲರ್ ಟೋಪಿ. ರವೆ ಎಲ್ಲೂ ಇರಲಿಲ್ಲ.

ಹಕ್ಕಿ ಬೇಡ ಅನ್ನುವುದನ್ನೂ ಓದಲು ಬರಬೇಕು. ಗರಿ ಎಲ್ಲ ಮೈಗೆ ಅಂಟಿಸಿಕೊಂಡು ಉದ್ದಕ್ಕೆ, ಸಣ್ಣಗೆ ಆಗಿದ್ದರೆ ಹೆದರಿದೆ. ಬಿಸಿಲಿಲ್ಲದೆ, ಹಾರದೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಒತ್ತಡದಲ್ಲಿದೆ. ಕಟ್ಟೆಯಿಂದ ಮತ್ತೆ ಮತ್ತೆ ನೆಗೆದು ಕಾಲಿನ ಹಗ್ಗ ಎಳೆದು ಬೀಳುತ್ತಿದ್ದರೆ ಸಾಕು ಅಂತ ಅರ್ಥ. ಗೂಬೆ ರೆಕ್ಕೆಗಳನ್ನು ಬೀಸಣಿಗೆಯಂತೆ ಹರಡಿ ಕೊಕ್ಕು ಕಟಕಟಿಸಿದರೆ ಚಿತ್ರ ಭರ್ಜರಿಯಾಗಿ ಬರುತ್ತದೆ ನಿಜ, ಆದರೆ ಅದು ನಿಮ್ಮನ್ನು ದೂರ ಹೋಗು ಅನ್ನುತ್ತಿದೆ. ಆ ಭಂಗಿಗಾಗಿ ಹಕ್ಕಿಯನ್ನು ಕೆಣಕುವವರನ್ನು ನಾನು ನೋಡಿದ್ದೇನೆ, ಅವರ ಪಕ್ಕ ನಿಲ್ಲಲೂ ಇಷ್ಟವಾಗುವುದಿಲ್ಲ. ಇಂಥ ಲಕ್ಷಣ ಕಂಡರೆ ಕ್ಯಾಮೆರಾ ಇಳಿಸಿ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ಹ್ಯಾಂಡ್ಲರಿಗೆ ಹೇಳಿ.

ಬಿಳಿ ಮುಖ, ಕಂದು ಬೆನ್ನು

ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಎಲ್ಲವೂ ನಡುಬೂದು ಆಗಬೇಕು. ಕಣಜ ಗೂಬೆ ಕತ್ತಲ ಕೊಟ್ಟಿಗೆಯ ಮುಂದೆ ಚಿಕ್ಕದಾಗಿ ಕೂತಿದ್ದರೆ ಮೀಟರ್ ಕತ್ತಲನ್ನು ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಬಿಳಿ ಮುಖ ಸುಣ್ಣ ಬಳಿದ ಹಾಗೆ ಆಗಿ ಗರಿಯ ಎಳೆ ಅಳಿಸಿಹೋಗುತ್ತದೆ. ಆಗ ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕು ಅರ್ಧಕ್ಕೆ ಇಳಿಸಿ. ಅದೇ ಮುಖ ಚೌಕಟ್ಟು ತುಂಬಿದ್ದರೆ ಉಲ್ಟಾ, ಮುಕ್ಕಾಲು ಸ್ಟಾಪ್ ಜಾಸ್ತಿ ಬೇಕು. ಹ್ಯಾರಿಸ್ ಗಿಡುಗ ಕಡುಗಂದು, ಚೌಕಟ್ಟು ತುಂಬಿದರೆ ಅರ್ಧ ಸ್ಟಾಪ್ ಇಳಿಸಿ. ಲೆಕ್ಕ ನೆನಪಿಡುವುದಕ್ಕಿಂತ, ಸುಟ್ಟ ಬಿಳಿ ಮಿನುಗಿ ತೋರಿಸುವ ಎಚ್ಚರಿಕೆಯನ್ನು ಕ್ಯಾಮೆರಾದಲ್ಲಿ ಹಾಕಿಟ್ಟುಕೊಳ್ಳಿ. ಮುಖದ ಬಿಳಿ ಮಿನುಗದಿರುವವರೆಗೆ ಎಷ್ಟು ಬೆಳಕು ಕೊಡಬಹುದೋ ಅಷ್ಟು ಕೊಡಿ.

ಮಳೆ ಬಂದರೆ, ದೀಪ ಹಚ್ಚಿದರೆ

ಕಣಜ ಗೂಬೆಯ ಗರಿ ಮಳೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಹನಿ ಬಿದ್ದರೆ ಅದನ್ನು ಒಳಗೆ ತರುತ್ತಾರೆ. ಒಳಗೆ ಎಲ್ಇಡಿ ಅಥವಾ ಟ್ಯೂಬ್‌ಲೈಟ್ ಇರುತ್ತದೆ. ಬ್ರಿಟನ್ನಿನಲ್ಲೂ ಭಾರತದಲ್ಲೂ ವಿದ್ಯುತ್ತು 50 ಹರ್ಟ್ಸ್. ಹಾಗಾಗಿ ಇಂಥ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ವೇಗ ಇದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಅಡ್ಡಪಟ್ಟೆ ಬೀಳುತ್ತದೆ, ಇಲ್ಲವೇ ಒಂದು ಚಿತ್ರ ಹಳದಿ, ಮುಂದಿನದು ಕಪ್ಪು. 1/100 ಅಥವಾ 1/50 ಇಡಿ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. ಹಕ್ಕಿ ನೆಲೆಯಾಗಿ ಕೂತಿದ್ದರೆ ಈ ವೇಗಗಳು ಹೇಗೂ ಸಾಕು.

ಬಾಗಿಲಿನ ಬೆಳಕು ನೀಲಿ, ದೀಪದ ಬೆಳಕು ಹಳದಿ. ಎರಡೂ ಸೇರಿದರೆ ಮುಖದ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು. ದೀಪ ಆರಿಸಬಹುದಾ ಅಂತ ಕೇಳಿ. ಬೆಳಕು ಕಡಿಮೆಯಾದರೂ ಒಂದೇ ಬಗೆಯ ಬೆಳಕು ಇರಲಿ.

ಹಾರಾಟದ ಚಿತ್ರದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಇಂಥ ಬೆಳಕಿನಲ್ಲಿ ನಾನು ಪ್ರಯತ್ನಿಸುವುದಿಲ್ಲ. ಹಾರಾಟ ನೋಡಲು ಕಣ್ಣು ಸಾಕು, ಬಿಸಿಲಿನ ದಿನ ಮತ್ತೆ ಬನ್ನಿ.

ಜಾಲರಿಯ ಆಚೆಯ ಹಕ್ಕಿ

ಮೈಸೂರಿನ ಮೃಗಾಲಯ 1892ರದ್ದು. ದೊಡ್ಡ ಮರಗಳ ನೆರಳು. ಮಳೆಗಾಲದಲ್ಲಿ ಹೋದರೆ ಇಂಗ್ಲೆಂಡಿನ ನವೆಂಬರಿಗೇನೂ ಕಡಿಮೆ ಇಲ್ಲ. ಅಲ್ಲಿ ಹಕ್ಕಿಗೂ ನಿಮಗೂ ನಡುವೆ ಜಾಲರಿ ಇರುತ್ತದೆ, ಜಾಲರಿಗೂ ನಿಮಗೂ ನಡುವೆ ಕಂಬಿ. ಕಂಬಿ ದಾಟಬೇಡಿ, ಕೈಯನ್ನೂ ಚಾಚಬೇಡಿ.

ಜಾಲರಿ ಮಾಯವಾಗಬೇಕಾದರೆ ಮೂರು ಸಂಗತಿ ಸೇರಬೇಕು. ಅಪರ್ಚರ್ ಪೂರ್ತಿ ತೆರೆದಿರಬೇಕು. ಜೂಮ್ ಆದಷ್ಟು ಉದ್ದ ಇರಬೇಕು. ಹಕ್ಕಿ ಜಾಲರಿಯಿಂದ ಆದಷ್ಟು ಹಿಂದೆ ಕೂತಿರಬೇಕು. ಮೂರನೆಯದು ನಿಮ್ಮ ಕೈಯಲ್ಲಿಲ್ಲ, ಕಾಯಬೇಕು. ಬಿಸಿಲು ಬಿದ್ದ ಜಾಲರಿ ಬೆಳ್ಳಗೆ ಹೊಳೆದು ಚಿತ್ರದ ಮೇಲೆ ಮಂಜು ಕವಿದಂತೆ ಮಾಡುತ್ತದೆ. ಆದ್ದರಿಂದ ಇಲ್ಲಿ ಮೋಡದ ದಿನವೇ ವಾಸಿ. ನೆರಳು ಬಿದ್ದ ಕಡೆಯ ಜಾಲರಿ ಹುಡುಕಿ, ತಂತಿ ಕಣ್ಣಿಗೆ ಅಡ್ಡ ಬರದ ಹಾಗೆ ಒಂದೆರಡು ಇಂಚು ಅತ್ತಿತ್ತ ಸರಿಯಿರಿ. ಆಟೋಫೋಕಸ್ ತಂತಿಗೇ ಅಂಟಿಕೊಂಡರೆ ಕೈಯಲ್ಲೇ ಫೋಕಸ್ ಮಾಡಿ. ಗಾಜು ಇದ್ದರೆ ಮೆತ್ತನೆಯ ರಬ್ಬರ್ ಹುಡ್ ಅದಕ್ಕೆ ಮೆಲ್ಲಗೆ ಒತ್ತಿ ಹಿಡಿಯಿರಿ. ಗಾಜಿನ ಪ್ರತಿಬಿಂಬ ಕಳೆಯುವ ಪೋಲರೈಸರ್ ಫಿಲ್ಟರ್ ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಮಬ್ಬಿನಲ್ಲಿ ಬೇಡ.

ಬೆಂಗಳೂರಿನಂಥ ಊರುಗಳಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹದ್ದುಗಳು ಆರೈಕೆ ಕೇಂದ್ರಗಳಿಗೆ ಬರುತ್ತಲೇ ಇರುತ್ತವೆ. ಅಲ್ಲಿ ಹೋಗಿ ಹತ್ತಿರದ ಫೋಟೊ ಕೇಳಬೇಡಿ. ಅವು ಮತ್ತೆ ಆಕಾಶಕ್ಕೆ ಹೋಗಬೇಕಾದ ಹಕ್ಕಿಗಳು, ಮನುಷ್ಯರ ಹೆದರಿಕೆ ಅವುಗಳಿಗೆ ಉಳಿದಿರಬೇಕು.

ಮನೆಗೆ ಬಂದ ಮೇಲೆ

ರವೆ ತೆಗೆಯುವ ಸಾಫ್ಟ್‌ವೇರ್ ಈಗ ಚೆನ್ನಾಗಿದೆ. ಆದರೆ ಇಡೀ ಚಿತ್ರಕ್ಕೆ ಒಂದೇ ಸಮ ಹಚ್ಚಿದರೆ ಗರಿ ಮೇಣದಂತೆ ಆಗುತ್ತದೆ. ಹಿನ್ನೆಲೆಗೆ ಜಾಸ್ತಿ ಹಚ್ಚಿ, ಮುಖಕ್ಕೆ ಕಡಿಮೆ. ಮರದ ಕೆಳಗೆ ತೆಗೆದದ್ದಾದರೆ ಎಲೆಯ ಹಸಿರು ಛಾಯೆ ಬಿಳಿ ಗರಿಯ ಮೇಲೆ ಕೂತಿರುತ್ತದೆ, ಬಣ್ಣದ ಸಮತೋಲವನ್ನು ಸ್ವಲ್ಪ ಮಜೆಂಟಾ (ಕೆನ್ನೇರಳೆ) ಕಡೆ ಎಳೆಯಿರಿ. ಕಣ್ಣನ್ನು ಬೆಳಗಿಸುವಾಗ ಕೈ ಬಿಗಿ ಹಿಡಿಯಿರಿ.

ಕಾಲಿನ ತೊಗಲು ಪಟ್ಟಿ, ಹಗ್ಗ ಕಾಣಬಾರದು ಅನ್ನಿಸಿದರೆ ತೆಗೆಯುವಾಗಲೇ ತಲೆ ಮತ್ತು ಎದೆಗೆ ಚೌಕಟ್ಟು ಹಾಕಿ. ಆಮೇಲೆ ಅಳಿಸಿ ಕಾಡಿನ ಹಕ್ಕಿ ಅಂತ ಹೇಳಿಕೊಳ್ಳುವುದು ಬೇಡ. 2009ರಲ್ಲಿ ಲಂಡನ್ನಿನ ಹೆಸರಾಂತ ವನ್ಯಜೀವಿ ಫೋಟೊ ಸ್ಪರ್ಧೆಯಲ್ಲಿ ಗೇಟು ಹಾರುವ ತೋಳದ ಚಿತ್ರ ಮೊದಲ ಬಹುಮಾನ ಗೆದ್ದಿತ್ತು. ಅದು ಸಾಕಿದ ತೋಳ ಇರಬಹುದು ಅನ್ನೋ ತೀರ್ಮಾನಕ್ಕೆ ಬಂದ ತೀರ್ಪುಗಾರರು 2010ರ ಜನವರಿಯಲ್ಲಿ ಬಹುಮಾನ ವಾಪಸು ಪಡೆದರು. ಸ್ಪರ್ಧೆಗೆ ಕಳಿಸುವ ಮುಂಚೆ ನಿಯಮ ಓದಿ. ಮಾರುವ ಯೋಚನೆ ಇದ್ದರೆ ಕೇಂದ್ರದವರ ಒಪ್ಪಿಗೆ ಕೇಳಿ.

ಹೊರಡುವಾಗ ಹಕ್ಕಿಯ ಹೆಸರು, ವಯಸ್ಸು, ಗಂಡೋ ಹೆಣ್ಣೋ ಅಂತ ಹ್ಯಾಂಡ್ಲರ್ ಹತ್ತಿರ ಕೇಳಿ ಬರೆದುಕೊಳ್ಳಿ. ಒಳ್ಳೆಯ ಎರಡು ಚಿತ್ರ ಅವರಿಗೆ ಕಳಿಸಿ. ನಾನು ಕಳಿಸಿದ ಕಣ್ಣಿನ ಚಿತ್ರವನ್ನು ಅವರು ಟಿಕೆಟ್ ಕೌಂಟರ್ ಹಿಂದಿನ ಗೋಡೆಗೆ ಹಾಕಿದ್ದಾರೆ. ಕೆಳಗೆ ನಾನು ಬರೆದುಕೊಟ್ಟ ಸಾಲು ಇಷ್ಟೇ: ಯುರೇಶಿಯನ್ ಕೊಂಬಿನ ಗೂಬೆ, ಹೆಣ್ಣು, ಸಾಕಿದ ಹಕ್ಕಿ, ನವೆಂಬರ್, ಮಧ್ಯಾಹ್ನ ಮೂರು ಗಂಟೆ.